ಹೇಗೂ ಬೀಳುವ ಹಲ್ಲೇ?

ಪ್ರಶ್ನೆ: ಎರಡು ವರ್ಷದ ಮಗಳು ಹಾಲಿನ ಬಾಟಲಿ ಚೀಪುತ್ತಲೇ ನಿದ್ದೆ ಹೋಗುತ್ತಾಳೆ. ಮೇಲಿನ ಮುಂಬಲ್ಲುಗಳ ಒಸಡಿನಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಾಣುತ್ತಿದೆ. ಹೇಗೂ ಬೀಳುವ ಹಲ್ಲೆಂದು ಅತ್ತೆಯವರು ಹೇಳುತ್ತಾರೆ. ದಂತವೈದ್ಯರಿಗೆ ತೋರಿಸಬೇಕೇ?

ಉತ್ತರ: ತಡಮಾಡದೆ ತೋರಿಸಿ. ಅದು ಹುಳುಕಿನ ಮೊದಲ ಲಕ್ಷಣವಾಗಿರುವ ಸಂಭವ ಹೆಚ್ಚು. ಕುಳಿಯಾಗುವ ಮುನ್ನವೇ ಫ್ಲೋರೈಡ್ ಲೇಪನದಿಂದ ಅದನ್ನು ತಡೆಯಬಹುದು. ದವಡೆಯ ಹಾಲುಹಲ್ಲುಗಳು 10–12ನೇ ವಯಸ್ಸಿನವರೆಗೂ ಉಳಿಯಬೇಕಾದವು. ಬೇಗ ಹೋದರೆ ಶಾಶ್ವತ ಹಲ್ಲುಗಳಿಗೆ ಜಾಗ ಸಾಲದೆ ಅವು ಸೊಟ್ಟಗೆ ಬರುತ್ತವೆ. ವಾಸ್ತವದಲ್ಲಿ ಮೊದಲ ಹುಟ್ಟುಹಬ್ಬದೊಳಗೇ ಒಮ್ಮೆ ತೋರಿಸುವುದು ಒಳ್ಳೆಯದು.

ತಪಾಸಣೆಗೆ ಅಂಜಬೇಡಿ. ನೀವು ಮತ್ತು ವೈದ್ಯರು ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕುಳಿತು, ಮಗುವನ್ನು ನಿಮ್ಮ ಮಡಿಲಿನಿಂದ ಹಿಂದಕ್ಕೆ ಒರಗಿಸಿ ತಲೆಯನ್ನು ವೈದ್ಯರ ತೊಡೆಯ ಮೇಲಿರಿಸಿದರೆ, ನಿಮ್ಮ ಮುಖ ನೋಡುತ್ತಲೇ ಅವಳು ಬಾಯಿ ತೋರಿಸುತ್ತಾಳೆ. ಮಲಗುವಾಗಿನ ಬಾಟಲಿಯನ್ನು ಬಿಡಿಸಿ, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಬಾರಿ ನೀವೇ ಹಲ್ಲುಜ್ಜಿ.