ಬಿಲ್ಲು ನೋಡದೆ ಕೊಟೇಶನ್ ಬೇಡ

ಪ್ರಶ್ನೆ: ಸೌರ ವಿದ್ಯುತ್ ಕಂಪೆನಿಯೊಂದರ ಮಂಗಳೂರು ಶಾಖೆಯಲ್ಲಿ ವ್ಯಾಪಾರ ಬೆಳೆಸುವ ಹೊಣೆ ನನ್ನದು. ಬೈಕಂಪಾಡಿ, ಕಾರ್ಕಳ, ಮಲ್ಪೆ ಎಂದು ಸುತ್ತಿ ವರ್ಷದಲ್ಲಿ ಅರವತ್ತು ಕೊಟೇಶನ್ ಕೊಟ್ಟಿದ್ದೇವೆ. ಕೈಗೂಡಿದ್ದು ನಾಲ್ಕು. ದರ ಇಳಿಸೋಣ ಎನ್ನುತ್ತಾರೆ ಮಾರಾಟದ ಹುಡುಗರು. ಇಳಿಸಲೇ?
– ಓದುಗರು, ಸುರತ್ಕಲ್

ಉತ್ತರ: ಇಳಿಸಬೇಡಿ. ಆ ಅರವತ್ತರಲ್ಲಿ ಹನ್ನೆರಡು ತಿಂಗಳ ಕರೆಂಟು ಬಿಲ್ಲು ಕೈಗೆ ಬಂದ ಮೇಲೆ ಬರೆದದ್ದು ಎಷ್ಟು, ಮೊದಲು ಎಣಿಸಿ ನೋಡಿ. ಕಿಲೋವ್ಯಾಟ್‌ಗೆ ನೂರು ಚದರಡಿ ಎಂದು ಮಾಡಿನ (ಛಾವಣಿಯ) ಅಳತೆ ಹಿಡಿದು ಕೊಟೇಶನ್ ಬರೆಯಲು ಅರ್ಧ ಗಂಟೆ ಸಾಕು. ಕಾರ್ಖಾನೆಯ ಅಕೌಂಟೆಂಟ್ ಅದನ್ನು ಹೊಡೆದುಹಾಕಲು ಐದು ನಿಮಿಷ ಸಾಕು.

ಎಡವುವುದು ಎಲ್ಲಿ ಎಂದರೆ, ಕಾರ್ಖಾನೆಯ ಎಚ್‌ಟಿ (ಹೈಟೆನ್ಶನ್) ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆಗೆ ಬೀಳುವ ಡಿಮ್ಯಾಂಡ್ ಚಾರ್ಜ್ ಬೇರೆ, ಯೂನಿಟ್ ದರ ಬೇರೆ. ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ‘ನಿಮಗೆ 10 ರೂಪಾಯಿ ಬೀಳುತ್ತಿದೆ’ ಎಂದುಬಿಡುತ್ತಾರೆ. ಡಿಮ್ಯಾಂಡ್ ಚಾರ್ಜ್ ಇಳಿಯುತ್ತದೆಂದು ನೆಚ್ಚಿಕೊಳ್ಳುವ ಹಾಗಿಲ್ಲ. ತಿಂಗಳಲ್ಲಿ ಒಮ್ಮೆ, ಹದಿನೈದು ನಿಮಿಷ ಮೋಡ ಕವಿದಾಗ ಯಂತ್ರಗಳೆಲ್ಲ ಓಡುತ್ತಿದ್ದರೆ ಗರಿಷ್ಠ ಬೇಡಿಕೆ ಮೊದಲಿನಷ್ಟೇ ದಾಖಲಾಗುತ್ತದೆ.

ನೂರು ಕಿಲೋವ್ಯಾಟ್‌ನ ಲೆಕ್ಕ ನೋಡಿ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 1,35,000 ಯೂನಿಟ್ ಹಿಡಿಯಿರಿ. 10 ರೂಪಾಯಿಯಂತೆ ಉಳಿತಾಯ 13.5 ಲಕ್ಷ ಎಂದು ಕಾಗದದಲ್ಲಿ ಬರುತ್ತದೆ. ನಿಜವಾದ ಯೂನಿಟ್ ದರ 7 ರೂಪಾಯಿ ಎಂದಿಟ್ಟುಕೊಂಡರೆ ಅದು 9.45 ಲಕ್ಷ. ಭಾನುವಾರ ಕಾರ್ಖಾನೆಗೆ ರಜೆ, ಗ್ರಿಡ್‌ಗೆ ಹರಿಸುವ ವ್ಯವಸ್ಥೆಯೂ ಇಲ್ಲ ಎಂದಾದರೆ ಏಳರಲ್ಲೊಂದು ಪಾಲು ವ್ಯರ್ಥ, ಉಳಿಯುವುದು 8.1 ಲಕ್ಷ. ಈ 8.1 ಅನ್ನು ನೀವೇ ಮೊದಲು ಹೇಳಿ. 13.5 ಹೇಳಿದ ಪ್ರತಿಸ್ಪರ್ಧಿಯ ಕಾಗದವನ್ನು ಅಕೌಂಟೆಂಟ್ ತಾವಾಗಿಯೇ ಬದಿಗಿಡುತ್ತಾರೆ.

ಇನ್ನು ಗಿರಾಕಿಗಳ ಆಯ್ಕೆ. ಗೇರುಬೀಜ ಕಾರ್ಖಾನೆಯ ಲೋಡ್ ಹಗಲಿನದು, ಆದರೆ ಭಾನುವಾರದ ಪ್ರಶ್ನೆ ಇದ್ದೇ ಇದೆ. ಅಲ್ಲಿ ಮಾಡು ತುಂಬ ಫಲಕ ಹಾಕುವ ಆಸೆ ಬಿಟ್ಟು ಹಗಲಿನ ಕನಿಷ್ಠ ಲೋಡ್‌ಗೆ ಹೊಂದಿಸಿ. ಮಲ್ಪೆ, ಮಂಗಳೂರು ದಕ್ಕೆಯ (ಮೀನುಗಾರಿಕಾ ಬಂದರಿನ) ಐಸ್ ಪ್ಲಾಂಟ್‌ಗಳನ್ನು ಹಲವರು ‘ಎರಡು ತಿಂಗಳು ಬಂದ್’ ಎಂದು ಬಿಟ್ಟುಬಿಡುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದು ಜೂನ್ 1ರಿಂದ ಜುಲೈ 31ರವರೆಗೆ. ಫೆಬ್ರವರಿಯಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ 5 ಯೂನಿಟ್ ಹತ್ತಿರ ಕೊಡುವ ಫಲಕ ಜುಲೈ ಮಳೆಯಲ್ಲಿ ಎರಡೂವರೆಗೆ ಇಳಿಯುವುದೂ ಆಗಲೇ. ಕಂಪ್ರೆಸರ್ ನಿಲ್ಲುವುದು, ಬಿಸಿಲು ಅಡಗುವುದು ಎರಡೂ ಜತೆಯಾಗಿ ಬರುವುದರಿಂದ ವರ್ಷದ ಲೆಕ್ಕದಲ್ಲಿ ನಷ್ಟ ಸಣ್ಣದು. ಉಪ್ಪುಗಾಳಿಯ ಖರ್ಚು ಮಾತ್ರ ಅಲ್ಲಿ ಜಾಸ್ತಿ. ಕರಗಿದ ಸತುವಿನಲ್ಲಿ ಅದ್ದಿ ಲೇಪಿಸಿದ ಕಂಬಗಳು, 316 ದರ್ಜೆಯ ಸ್ಟೀಲ್ ಬೋಲ್ಟ್, ಉಪ್ಪು ಮಂಜಿನ ಪರೀಕ್ಷೆ ಪಾಸಾದ ಫಲಕ ಇವನ್ನು ದರದಲ್ಲಿ ಸೇರಿಸಿಯೇ ಬರೆಯಿರಿ. ಮಾಮೂಲಿ ಬೋಲ್ಟ್ ಹಾಕಿ ಗೆದ್ದ ಆರ್ಡರ್ ಮೂರನೇ ವರ್ಷಕ್ಕೆ ತುಕ್ಕಿನ ದೂರಾಗಿ ಮರಳುತ್ತದೆ.

ತಿಂಗಳುವಾರು ಉತ್ಪಾದನೆಯ ಪಟ್ಟಿಯನ್ನೂ ಕೊಡಿ. ವರ್ಷದ ಸರಾಸರಿ ಮಾತ್ರ ಹೇಳಿದವರಿಗೆ ಆಟಿ ತಿಂಗಳ ಮಳೆಯಲ್ಲಿ ಬೈಗುಳದ ಫೋನು ತಪ್ಪಿದ್ದಲ್ಲ.

ಆರ್ಡರ್ ಹಿಡಿಯುವ ಕಾಲಕ್ಕೂ ಲೆಕ್ಕವಿದೆ. ಆದಾಯ ತೆರಿಗೆಯಲ್ಲಿ ಸೌರ ಘಟಕಕ್ಕೆ ಶೇ. 40 ಸವಕಳಿ (ಬೆಲೆಯ ಅಷ್ಟು ಪಾಲನ್ನು ಆದಾಯದಿಂದ ಕಳೆಯುವ ಅವಕಾಶ) ಸಿಗುತ್ತದೆ. ಆ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಮೊದಲ ವರ್ಷ ಅದರ ಅರ್ಧ ಮಾತ್ರ. ಅಂದರೆ ಪೂರ್ತಿ ಲಾಭಕ್ಕೆ ಘಟಕ ಸೆಪ್ಟೆಂಬರ್ ಮುಗಿಯುವುದರೊಳಗೆ ಚಾಲೂ ಆಗಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡು ಹತ್ತುವುದೇ ಕಷ್ಟ, ಸಿಮೆಂಟ್ ಶೀಟಿನ ಮಾಡಂತೂ ಅಪಾಯ. ಹಾಗಾಗಿ ಜನವರಿಯೊಳಗೆ ಒಪ್ಪಂದ, ಮಾರ್ಚ್‌ನೊಳಗೆ ಮೆಸ್ಕಾಂ ಕಾಗದಪತ್ರ, ಏಪ್ರಿಲ್–ಮೇಯಲ್ಲಿ ಕೆಲಸ. ಕೊಟೇಶನ್‌ಗಳ ಓಡಾಟವನ್ನು ದೀಪಾವಳಿಯ ಮುಂಚೆಯೇ ಶುರುಮಾಡಿ.

ಪ್ರಶ್ನೆ: ನಾವು 150 ಕಿಲೋವ್ಯಾಟ್ ಹಾಕಿಕೊಟ್ಟ ಕಾರ್ಖಾನೆಯವರು ‘ಯೂನಿಟ್ ಇಳಿಯಿತು, ಪವರ್ ಫ್ಯಾಕ್ಟರ್ ದಂಡ ಶುರುವಾಯಿತು’ ಎಂದು ಕೊನೆಯ ಕಂತು ತಡೆಹಿಡಿದಿದ್ದಾರೆ. ಇನ್ವರ್ಟರ್‌ನಲ್ಲಿ ದೋಷವಿಲ್ಲ. ಏನು ಹೇಳಲಿ?
– ಓದುಗರು, ಮಣಿಪಾಲ

ಉತ್ತರ: ಅವರ ಮಾತು ಸರಿ, ನಿಮ್ಮ ಮಾತೂ ಸರಿ. ಲೋಡ್ 200 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.95 ಎನ್ನಿ. ಮೋಟಾರುಗಳು ಕಾಂತಕ್ಷೇತ್ರಕ್ಕಾಗಿ ಕೇಳುವ, ಕೆಲಸ ಮಾಡದ ರಿಯಾಕ್ಟಿವ್ ಭಾಗ ಸುಮಾರು 66 ಕೆವಿಎಆರ್ (ಅದನ್ನು ಅಳೆಯುವ ಮಾನ). ಸೌರ ಘಟಕ 150 ಕಿಲೋವ್ಯಾಟ್ ಕೊಟ್ಟಾಗ ಗ್ರಿಡ್‌ನಿಂದ ಬರುವುದು 50 ಕಿಲೋವ್ಯಾಟ್, ಆದರೆ 66 ಕೆವಿಎಆರ್ ಹಾಗೇ ಇರುತ್ತದೆ. ಮೀಟರಿಗೆ ಕಾಣುವ ಪವರ್ ಫ್ಯಾಕ್ಟರ್ ಆಗ 0.6!

ಈ ರಿಯಾಕ್ಟಿವ್ ಭಾಗವನ್ನು ಕಾರ್ಖಾನೆಯೊಳಗೇ ಒದಗಿಸುವ ಕೆಪಾಸಿಟರ್ ಪ್ಯಾನೆಲ್‌ನ ಸಿಟಿ (ಕರೆಂಟು ಅಳೆಯುವ ಸುರುಳಿ) ಎಲ್ಲಿದೆ ನೋಡಿ. ಅದು ಲೋಡ್ ಫೀಡರ್‌ನಲ್ಲಿದ್ದರೆ ಪ್ಯಾನೆಲ್‌ಗೆ ಇನ್ನೂ 0.95 ಎಂದೇ ಕಾಣುತ್ತದೆ, ಸುಮ್ಮನಿರುತ್ತದೆ. ಸೌರ ವಿದ್ಯುತ್ ಸೇರುವ ಜಾಗಕ್ಕಿಂತ ಹಿಂದೆ, ಟ್ರಾನ್ಸ್‌ಫಾರ್ಮರ್ ಕಡೆಗೆ ಸಿಟಿಯನ್ನು ಸರಿಸಿ. ಈ ಉದಾಹರಣೆಯಲ್ಲಿ ಮತ್ತೆ 0.95 ಮುಟ್ಟಲು ಇನ್ನೂ 50 ಕೆವಿಎಆರ್ ಕೆಪಾಸಿಟರ್ ಬೇಕು, ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ. ಹೆಚ್ಚುವರಿ ಗ್ರಿಡ್‌ಗೆ ಹರಿಯುವುದಿದ್ದರೆ ಎರಡೂ ದಿಕ್ಕಿನ ಹರಿವನ್ನು ಓದುವ ರಿಲೇ ಹಾಕಿ. ಇನ್ವರ್ಟರ್‌ನಿಂದಲೇ ರಿಯಾಕ್ಟಿವ್ ಕೊಡಿಸಬಹುದು, ಆದರೆ ಪೂರ್ಣ ಬಿಸಿಲಿನಲ್ಲಿ ಅದಕ್ಕೆ ಸಾಮರ್ಥ್ಯ ಉಳಿದಿರುವುದಿಲ್ಲ. ಖರ್ಚನ್ನು ಈ ಸಲ ನೀವೇ ಹಾಕಿ ಕಂತು ಬಿಡಿಸಿಕೊಳ್ಳಿ. ಮುಂದಿನ ಕೊಟೇಶನ್‌ನಲ್ಲಿ ಇದಕ್ಕೊಂದು ಸಾಲು ಇರಲಿ.

ಪ್ರಶ್ನೆ: ಅಪಾರ್ಟ್‌ಮೆಂಟ್ ಸಂಘಗಳಿಗೆ ಸಬ್ಸಿಡಿ ಉಂಟೇ?
– ಓದುಗರು, ಉಡುಪಿ

ಉತ್ತರ: ಉಂಟು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಲಿಫ್ಟು, ಪಂಪಿನಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ. ಮನೆಗೆ 3 ಕಿಲೋವ್ಯಾಟ್‌ನಂತೆ ಒಟ್ಟು 500 ಕಿಲೋವ್ಯಾಟ್‌ವರೆಗೆ. ಫಲಕ ದೇಶದೊಳಗೇ ತಯಾರಾದದ್ದಾಗಿರಬೇಕು. ಮಾತುಕತೆಗೆ ಮುನ್ನ ಸಾಮಾನ್ಯ ಮೀಟರಿನ ಆರ್‌ಆರ್ ಸಂಖ್ಯೆ ಯಾರ ಹೆಸರಲ್ಲಿದೆ ಕೇಳಿ. ಇನ್ನೂ ಬಿಲ್ಡರ್ ಹೆಸರಲ್ಲೇ ಇದ್ದರೆ ಅದನ್ನು ಸಂಘದ ಹೆಸರಿಗೆ ಮಾಡಿಸಿಕೊಂಡು ಬರಲಿ, ಆಮೇಲೆ ಮಾಡು ಅಳೆಯಿರಿ.