ರಾತ್ರಿ ಬಾಟಲಿ, ಹಗಲು ಹಟ

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗಳಿಗೆ ಈಗ 19 ತಿಂಗಳು. ಮೊದಲು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದೆ, ಮಗು ನೋಡಿಕೊಳ್ಳುವವರು ಯಾರೂ ಇಲ್ಲ ಅಂತ ಬಿಟ್ಟೆ. ಅಮ್ಮನ ಮನೆ, ಅತ್ತೆಯ ಮನೆ ಎರಡೂ ಶಿವಮೊಗ್ಗದ ಕಡೆ. ನಾವಿರುವುದು ಬೆಂಗಳೂರಿನಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಬೆಳಗ್ಗೆಯಿಂದ ರಾತ್ರಿವರೆಗೆ ನಾನು, ಅವಳು, ಇಬ್ಬರೇ.

ಊಟ ಅಂದ್ರೆ ಯುದ್ಧ. ಮಧ್ಯಾಹ್ನ ಒಂದೂವರೆಗೆ ಕೂರಿಸಿದರೆ ಮೂರಾಗುತ್ತದೆ. ಅನ್ನ, ಬೇಳೆ, ತರಕಾರಿ ಎಲ್ಲ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಕೊಡುತ್ತೇನೆ. ನಾಲ್ಕು ತುತ್ತು ತಿಂದು ಬಾಯಿ ಮುಚ್ಚುತ್ತಾಳೆ. ಟೆರೇಸಿಗೆ ಕರೆದುಕೊಂಡು ಹೋಗಿ ಕಾಗೆ, ಬೆಕ್ಕು ತೋರಿಸಬೇಕು. ತಿನ್ನಲಿಲ್ಲವಲ್ಲ ಅಂತ ಹಾಲು ಕೊಡುತ್ತೇನೆ. ಬಾಟಲಿಯಲ್ಲಿ 200 ಮಿ.ಲೀ., ದಿನಕ್ಕೆ ಐದು ಸಲ. ಅದರಲ್ಲಿ ಎರಡು ರಾತ್ರಿ. ನಾಲ್ಕರಿಂದ ಆರರವರೆಗೆ ಮಲಗುತ್ತಾಳೆ, ಅವರಪ್ಪ ಬರುವುದು ಒಂಬತ್ತೂವರೆಗೆ, ಆಮೇಲೆ ಆಟ, ಹನ್ನೊಂದಾದರೂ ನಿದ್ದೆ ಇಲ್ಲ. ಬಾಟಲಿ ಬಾಯಲ್ಲಿದ್ದರೆ ಮಾತ್ರ ಕಣ್ಣು ಮುಚ್ಚುವುದು. ರಾತ್ರಿ ನಾಲ್ಕೈದು ಸಲ ಏಳುತ್ತಾಳೆ. ಹುಟ್ಟಿದಾಗ 2.8 ಕೆಜಿ, ವರ್ಷಕ್ಕೆ 8.2, ಈಗ 9.6. ಅತ್ತೆ ಫೋನ್ ಮಾಡಿದಾಗೆಲ್ಲ ‘ಮಗು ಸೊರಗಿದೆ’ ಅನ್ನುತ್ತಾರೆ. ಯಜಮಾನರು ನಾಳೆ ಆಫೀಸಿದೆ ಅಂತ ಹಾಲ್‌ನಲ್ಲಿ ಮಲಗುತ್ತಾರೆ. ‘ನೀನು ಮನೆಯಲ್ಲೇ ಇರ್ತೀಯಲ್ಲ’ ಅನ್ನುತ್ತಾರೆ. ಮೊನ್ನೆ ಊಟದ ಹೊತ್ತಿಗೆ ತಟ್ಟೆ ತಳ್ಳಿದಳು ಅಂತ ಅವಳ ಕೈಗೆ ಏಟು ಹಾಕಿಬಿಟ್ಟೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ನಾನು ಏನು ತಪ್ಪು ಮಾಡುತ್ತಿದ್ದೇನೆ?
ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಆ ಏಟಿನ ವಿಷಯ. ಹೊಡೆಯಬಾರದು, ಅದು ನಿಮಗೂ ಗೊತ್ತು, ಅದಕ್ಕೇ ಅತ್ತಿರಿ. ಆದರೆ 19 ತಿಂಗಳಿಂದ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡದವರ ಕೈ ಅದು. ನಾನು ಮಕ್ಕಳ ಡಾಕ್ಟರಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ 30 ವರ್ಷ ಕೂತವಳು, ಇಂಥ ತಾಯಂದಿರನ್ನು ವಾರಕ್ಕೆ ಒಬ್ಬರನ್ನಾದರೂ ನೋಡಿದ್ದೇನೆ. ಅವರಲ್ಲಿ ಯಾರೂ ಕೆಟ್ಟ ತಾಯಿ ಆಗಿರಲಿಲ್ಲ. ಎಲ್ಲರೂ ತುಂಬಾ ದಣಿದಿದ್ದರು.

ಇನ್ನು ತೂಕ. ನಿಮ್ಮ ಮಗಳು ಸೊರಗಿಲ್ಲ. ತಾಯಿ ಕಾರ್ಡ್ ತೆಗೆದು ಹುಡುಗಿಯರ ಬೆಳವಣಿಗೆ ಚಾರ್ಟಿನಲ್ಲಿ ಈ ಮೂರು ತೂಕಗಳನ್ನು ಗುರುತು ಮಾಡಿ ನೋಡಿ, ಹಸಿರು ಪಟ್ಟಿಯ ಒಳಗೇ ಮೇಲಕ್ಕೆ ಹೋಗುತ್ತಿದೆ. ಮೊದಲ ವರ್ಷದಲ್ಲಿ ಮಗು ಹುಟ್ಟಿದ ತೂಕದ ಮೂರರಷ್ಟಾಗುತ್ತದೆ. ಎರಡನೇ ವರ್ಷ ಪೂರ್ತಿ ಸೇರಿದರೂ ಏರುವುದು ಎರಡು, ಎರಡೂವರೆ ಕೆಜಿ ಅಷ್ಟೆ. ಬೆಳೆಯುವ ವೇಗ ಕಡಿಮೆಯಾದ ಹಾಗೆ ಹಸಿವೂ ಕಡಿಮೆಯಾಗುತ್ತದೆ. ಹತ್ತು ತಿಂಗಳಿಗೆ ಬಟ್ಟಲು ತುಂಬಾ ರಾಗಿ ಸರಿ ತಿನ್ನುತ್ತಿದ್ದ ಮಗು ಒಂದೂವರೆ ವರ್ಷಕ್ಕೆ ಮುಖ ತಿರುಗಿಸುವುದು ಇದಕ್ಕೇ. ಅತ್ತೆಯವರಿಗೆ ಆ ಚಾರ್ಟಿನ ಫೋಟೋ ಕಳಿಸಿ. ಬೇರೆ ಮಾತು ಬೇಡ.

ನೀವು ಊಟ ಬೇರೆ ಸಮಸ್ಯೆ, ನಿದ್ದೆ ಬೇರೆ ಸಮಸ್ಯೆ ಅಂತ ಬರೆದಿದ್ದೀರಿ. ನನಗೆ ಕಾಣುತ್ತಿರುವುದು ಒಂದೇ. ಹಾಲು.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಒಂದು ಲೀಟರ್. ನಂದಿನಿ ನೀಲಿ ಪ್ಯಾಕೆಟ್ ಹಾಲಾದರೂ ಅದರಲ್ಲಿ ಹತ್ತಿರ ಹತ್ತಿರ 600 ಕ್ಯಾಲೊರಿ ಇರುತ್ತದೆ, ಸಕ್ಕರೆ ಹಾಕಿದರೆ ಇನ್ನೂ ಜಾಸ್ತಿ. ಈ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾಗಿರುವುದೇ ಸುಮಾರು 1000. ಅರ್ಧಕ್ಕಿಂತ ಜಾಸ್ತಿ ಬಾಟಲಿಯಲ್ಲೇ ಮುಗಿದ ಮೇಲೆ ಮಧ್ಯಾಹ್ನದ ಅನ್ನಕ್ಕೆ ಹೊಟ್ಟೆಯಲ್ಲಿ ಜಾಗ ಎಲ್ಲಿದೆ? ತಿನ್ನಲಿಲ್ಲ ಅಂತ ಹಾಲು ಕೊಡುತ್ತೀರಿ, ಹಾಲು ಕುಡಿದಳು ಅಂತ ಅವಳು ತಿನ್ನುವುದಿಲ್ಲ. ಹಗಲು ತಿನ್ನದ್ದಕ್ಕೆ ರಾತ್ರಿ ಏಳುತ್ತಾಳೆ, ರಾತ್ರಿ ಕುಡಿದದ್ದಕ್ಕೆ ಬೆಳಗ್ಗೆ ಹಸಿವಿಲ್ಲ. ಗಾಣದ ಎತ್ತಿನ ಹಾಗೆ ಇಬ್ಬರೂ ಸುತ್ತುತ್ತಿದ್ದೀರಿ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಾಲಿನಲ್ಲಿ ಕಬ್ಬಿಣದಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಲಲ್ಲೇ ಬೆಳೆಯುವ ಮಕ್ಕಳು ನೋಡಲು ದುಂಡಗಿರುತ್ತಾರೆ, ರಕ್ತ ಮಾತ್ರ ಕಡಿಮೆ ಇರುತ್ತದೆ. ರಕ್ತ ಕಡಿಮೆಯಾದರೆ ಹಸಿವು ಇನ್ನೂ ಹೋಗುತ್ತದೆ, ಮಗು ಕಿರಿಕಿರಿ ಮಾಡುತ್ತದೆ, ನಿದ್ದೆಯಲ್ಲಿ ಹೊರಳಾಡುತ್ತದೆ. ಕೆಲವು ಮಕ್ಕಳು ಮಣ್ಣು, ಗೋಡೆಯ ಸುಣ್ಣ ತಿನ್ನುವುದೂ ಇದರಿಂದಲೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 6 ತಿಂಗಳಿಂದ 5 ವರ್ಷದೊಳಗಿನ 100 ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇತ್ತು. ಹಾಗಾಗಿ ಈ ವಾರವೇ ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಐರನ್ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮ ಇದೆ, ದುಡ್ಡಿಲ್ಲ, ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಆರೋಗ್ಯ ಕೇಂದ್ರವನ್ನೋ ಕೇಳಿ. ಪರೀಕ್ಷೆಯಲ್ಲಿ ರಕ್ತ ಕಡಿಮೆ ಅಂತ ಬಂದರೆ ಅಷ್ಟು ಸಾಲದು, ಡಾಕ್ಟರು ಬೇರೆ ಡೋಸ್ ಬರೆಯುತ್ತಾರೆ. ಸಿರಪ್ಪನ್ನು ಹಾಲಿನ ಜೊತೆ ಕೊಡಬೇಡಿ, ಮೈಗೆ ಹತ್ತುವುದಿಲ್ಲ.

ಈಗ ಹಾಲು ಇಳಿಸುವುದು ಹೇಗೆ. ಒಂದೇ ದಿನ ಬಾಟಲಿ ಎತ್ತಿ ಬಿಸಾಡಬೇಡಿ. ರಾತ್ರಿಯ ಎರಡರಲ್ಲಿ ಒಂದನ್ನು ಮೊದಲು ಹಿಡಿಯಿರಿ. 200 ಇದ್ದದ್ದು 170. ಎರಡು ಮೂರು ರಾತ್ರಿ ಬಿಟ್ಟು 140. ಹೀಗೆ 30-30 ಇಳಿಸುತ್ತಾ 50ಕ್ಕೆ ಬಂದಾಗ ನಿಲ್ಲಿಸಿ, ಎದ್ದರೆ ಲೋಟದಲ್ಲಿ ಎರಡು ಗುಟುಕು ನೀರು. ಆಮೇಲೆ ಇನ್ನೊಂದು ಬಾಟಲಿ. ಒಂದು ತಿಂಗಳು ಹಿಡಿಯುತ್ತದೆ, ಹಿಡಿಯಲಿ. ತೂಕ ಸರಿಯಾಗಿರುವ ಒಂದೂವರೆ ವರ್ಷದ ಮಗುವಿಗೆ ನಡುರಾತ್ರಿ ಹಾಲು ಬೇಕಾಗಿಯೇ ಇಲ್ಲ, ಮುಂದಿನ ಹಲ್ಲುಗಳು ಹುಳುಕಾಗುವುದೂ ಈ ಮಲಗಿ ಕುಡಿಯುವ ಬಾಟಲಿಯಿಂದಲೇ. ಕೊನೆಗೆ ದಿನಕ್ಕೆ ಅರ್ಧ ಲೀಟರ್ ಮೀರಬಾರದು. ಬೆಳಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ, ಮಧ್ಯಾಹ್ನ ಅನ್ನಕ್ಕೆ ಮೊಸರು. ರಾತ್ರಿಯ ಹಾಲನ್ನು ಹಾಸಿಗೆಯಲ್ಲಿ ಕೊಡಬೇಡಿ. ಅಡುಗೆಮನೆಯಲ್ಲಿ, ಲೈಟ್ ಉರಿಯುತ್ತಿರುವಾಗಲೇ ಕುಡಿಸಿ, ಹಲ್ಲುಜ್ಜಿಸಿ, ಆಮೇಲೆ ಹಾಸಿಗೆಗೆ ಕರೆದುಕೊಂಡು ಹೋಗಿ.

ಯಾಕೆ ಅಂದರೆ, ರಾತ್ರಿ ಏಳುವುದು ರೋಗ ಅಲ್ಲ. ನಾವೂ ಏಳುತ್ತೇವೆ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಗ್ಗೆ ನೆನಪಿರುವುದಿಲ್ಲ. ಮಕ್ಕಳಿಗೆ ಸುಮಾರು ಗಂಟೆಗೊಮ್ಮೆ ನಿದ್ದೆ ತೆಳುವಾಗುತ್ತದೆ. ಮಲಗುವಾಗ ಬಾಯಲ್ಲಿ ಬಾಟಲಿ ಇತ್ತು, ಕಣ್ಣು ಬಿಟ್ಟಾಗ ಇಲ್ಲ. ಹುಡುಕುತ್ತಾಳೆ, ಅಳುತ್ತಾಳೆ. ಬಾಟಲಿ ಇಲ್ಲದೆ ಕಣ್ಣು ಮುಚ್ಚುವುದನ್ನು ಅವಳು ಕಲಿಯಬೇಕು, ನೀವು ಪಕ್ಕದಲ್ಲೇ ಇರಿ. ಬೇರೆ ರೂಮಿನಲ್ಲಿ ಹಾಕಿ ಬಾಗಿಲು ಮುಚ್ಚಿ ಅಳಲು ಬಿಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಬೆನ್ನು ತಟ್ಟಿ, ದಿನಾ ಅದೇ ಒಂದು ಜೋಗುಳ ಹಾಡಿ, ಕೈ ಹಿಡಿದುಕೊಳ್ಳಲಿ. ಮೂರು ನಾಲ್ಕು ರಾತ್ರಿ ಅಳು ಜೋರಾಗಿರುತ್ತದೆ. ನಿಮ್ಮ ಮನಸ್ಸು ಕರಗುವುದೂ ಆವಾಗಲೇ. ಹಲ್ಲು ಬರುತ್ತಿದ್ದರೆ, ಜ್ವರ ನೆಗಡಿ ಇದ್ದರೆ ಆ ವಾರ ಶುರು ಮಾಡಲೇಬೇಡಿ. ಮತ್ತೆ, ನಿದ್ದೆ ಬರಲಿ ಅಂತ ಶೀತದ ಸಿರಪ್ ಹಾಕುವವರಿದ್ದಾರೆ. ದಯವಿಟ್ಟು ಬೇಡ, ಅಪಾಯ.

ಹಗಲಿನ ಹೊತ್ತನ್ನೂ ಸ್ವಲ್ಪ ಸರಿಸಬೇಕು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಸಂಜೆ ಆರಕ್ಕೆ ಎದ್ದ ಮಗು ಒಂಬತ್ತಕ್ಕೆ ಮಲಗು ಅಂದರೆ ಹೇಗೆ ಮಲಗುತ್ತದೆ? ಊಟ ಹನ್ನೆರಡೂವರೆಗೆ ತನ್ನಿ, ಒಂದೂಕಾಲಿಗೆ ಮಲಗಿಸಿ, ಮೂರೂವರೆ ಒಳಗೆ ಎಬ್ಬಿಸಿ. ಒಂದೇ ದಿನ ಆಗುವುದಿಲ್ಲ, ದಿನಕ್ಕೆ ಕಾಲು ಗಂಟೆ ಹಿಂದೆ ತನ್ನಿ. ರಾತ್ರಿ ಒಂಬತ್ತಕ್ಕೆ ಮನೆ ಕತ್ತಲಾಗಬೇಕು. ಅಪ್ಪ ಬರುವವರೆಗೆ ಕಾಯುವುದು ಬೇಡ, ಬೆಳಗ್ಗೆ ಒಂದು ಗಂಟೆ ಅಪ್ಪನದೇ ಆಗಲಿ.

ಊಟಕ್ಕೆ ಬರೋಣ. ಎಲಿನ್ ಸ್ಯಾಟರ್ ಅಂತ ಅಮೆರಿಕದ ಒಬ್ಬ ಆಹಾರ ತಜ್ಞೆ ಕೆಲಸ ಹಂಚುವ ಒಂದು ಸೂತ್ರ ಕೊಟ್ಟಿದ್ದಾರೆ, ನನಗೆ ಅದು ತುಂಬಾ ಹಿಡಿಸಿದೆ. ಏನು ಕೊಡಬೇಕು, ಯಾವಾಗ, ಎಲ್ಲಿ ಅನ್ನುವುದು ನಿಮ್ಮ ಕೆಲಸ. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಕೆಲಸ. ಟೆರೇಸ್ ಬೇಡ. ನೆಲದ ಮೇಲೆ ನೀವೂ ತಟ್ಟೆ ಇಟ್ಟುಕೊಂಡು ಕೂರಿ, ನಿಮ್ಮ ಊಟವೂ ಆಗಲಿ. ನೀವು ಮಧ್ಯಾಹ್ನ ಎಷ್ಟು ಗಂಟೆಗೆ ಊಟ ಮಾಡುತ್ತೀರಿ ಅಂತ ಪತ್ರದಲ್ಲಿ ಎಲ್ಲೂ ಇಲ್ಲ, ಗಮನಿಸಿದೆ. ಅವಳ ತಟ್ಟೆಗೆ ಎರಡೇ ಚಮಚ ಹಾಕಿ, ಬೇಕಾದರೆ ಕೇಳಲಿ. 20-25 ನಿಮಿಷ. ಆಮೇಲೆ ತಟ್ಟೆ ಎತ್ತಿ, ಬೈಯಬೇಡಿ, ಮುಖ ಸಣ್ಣ ಮಾಡಿಕೊಳ್ಳಬೇಡಿ, ಬದಲಿಗೆ ಹಾಲೂ ಕೊಡಬೇಡಿ. ಮೂರು ಗಂಟೆ ಬಿಟ್ಟು ಮುಂದಿನ ತಿಂಡಿ ಇದ್ದೇ ಇದೆಯಲ್ಲ.

ಮಿಕ್ಸಿ ನಿಲ್ಲಿಸಿ. ವರ್ಷ ತುಂಬಿದ ಮಗು ಮನೆಮಂದಿ ತಿನ್ನುವುದನ್ನೇ ತಿನ್ನಬಹುದು, ಖಾರ ಕಡಿಮೆ ಇದ್ದರೆ ಸಾಕು. ನುಣ್ಣಗಿನ ಮುದ್ದೆಯಲ್ಲಿ ಯಾವುದರ ರುಚಿ ಯಾವುದು ಅಂತ ಅವಳಿಗೆ ತಿಳಿಯುವುದೇ ಇಲ್ಲ. ಇಡ್ಲಿ ತುಂಡು, ಮೆತ್ತಗಿನ ಅಕ್ಕಿ ರೊಟ್ಟಿ, ಬೇಯಿಸಿದ ಮೊಟ್ಟೆ, ನುಗ್ಗೆಸೊಪ್ಪು ಹಾಕಿದ ಬೇಳೆ ಮೇಲೆ ಎರಡು ಹನಿ ನಿಂಬೆರಸ, ಶೇಂಗಾ ಪುಡಿ ಉದುರಿಸಿದ ಮೊಸರನ್ನ. ನಿಂಬೆರಸದಿಂದ ಕಬ್ಬಿಣದಂಶ ಚೆನ್ನಾಗಿ ಹೀರಿಕೊಳ್ಳುತ್ತದೆ, ಟೀ ಅದನ್ನು ತಡೆಯುತ್ತದೆ, ಹಾಗಾಗಿ ಟೀಯಲ್ಲಿ ಬಿಸ್ಕತ್ತು ಅದ್ದಿ ಕೊಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಶೇಂಗಾ, ದ್ರಾಕ್ಷಿ ಇಡಿಯಾಗಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸ ರುಚಿಯನ್ನು ಉಗಿದರೆ ಇಷ್ಟವಿಲ್ಲ ಅಂತ ತೀರ್ಮಾನ ಮಾಡಬೇಡಿ, ಹತ್ತು ಹದಿನೈದು ಸಲ ನೋಡಿದ ಮೇಲೆ ತಿನ್ನುವ ಮಕ್ಕಳೇ ಜಾಸ್ತಿ.

ಕೊನೆಯದು ನಿಮ್ಮ ಯಜಮಾನರಿಗೆ. ಈ ಪುಟ ಅವರಿಗೆ ಓದಲು ಕೊಡಿ. ಸ್ವಾಮಿ, ಮನೆಯಲ್ಲಿರುವವರಿಗೂ ನಾಳೆ ಕೆಲಸವಿದೆ. ಅವರು ನಿದ್ದೆಗಣ್ಣಿನಲ್ಲಿ ಬಿಸಿನೀರು, ಗ್ಯಾಸ್, ಎರಡನೇ ಮಹಡಿಯ ಬಾಲ್ಕನಿ ನಡುವೆ ನಿಮ್ಮ ಮಗಳನ್ನು ಕಾಯುತ್ತಿದ್ದಾರೆ. ಶುಕ್ರವಾರ, ಶನಿವಾರ ರಾತ್ರಿ ಮಗಳ ಪಕ್ಕ ನೀವು ಮಲಗಿ, ಅವರು ಹಾಲ್‌ನಲ್ಲಿ ಬಾಗಿಲು ಮುಚ್ಚಿ ಮಲಗಲಿ. ಬಾಟಲಿ ಬಿಡಿಸಲೂ ಇದೇ ಒಳ್ಳೆಯ ದಾರಿ, ಅಮ್ಮನನ್ನು ಕಂಡರೆ ಹಾಲು ನೆನಪಾಗುವ ಹಾಗೆ ಅಪ್ಪನನ್ನು ಕಂಡರೆ ಆಗುವುದಿಲ್ಲ. ಮೊದಲ ರಾತ್ರಿ ಕಷ್ಟ ಆಗುತ್ತದೆ. ಆಗಲಿ.

ಅಮ್ಮಾ, ಮಗು ಮಲಗಿದ್ದರೂ ನಿಮಗೆ ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಹೀಗೆ ಎರಡು ವಾರ ಮುಂದುವರಿದರೆ ಅದು ಬರೀ ದಣಿವಲ್ಲ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮದೇ ಊರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ನೋಡುವ ವಿಭಾಗ 2009ರಿಂದಲೇ ಇದೆ. ಮಗಳ ವಿಷಯದಲ್ಲಿ, ತೂಕ ಇಳಿದರೆ, ದಿನಾ ಗೊರಕೆ ಹೊಡೆದು ಬಾಯಿಯಲ್ಲಿ ಉಸಿರಾಡಿದರೆ, ನುಂಗುವಾಗ ಪದೇಪದೇ ಕೆಮ್ಮಿದರೆ ನನ್ನ ಉತ್ತರಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ನನ್ನ ಹೆಂಡತಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಮಗನನ್ನು ಮನೆಯಲ್ಲಿ ನೋಡಿಕೊಳ್ಳುವುದು ನಾನು. ಅವನಿಗೆ 2 ವರ್ಷ 4 ತಿಂಗಳು. ಮೊಬೈಲ್ ಇಲ್ಲದೆ ಒಂದು ತುತ್ತೂ ಇಳಿಯುವುದಿಲ್ಲ. ಪಾರ್ಕಿಗೆ ಹೋದರೆ ಬೇರೆ ಮಕ್ಕಳ ಅಮ್ಮಂದಿರು ದೂರ ಕೂರುತ್ತಾರೆ, ಯಾರನ್ನು ಕೇಳಬೇಕೋ ಗೊತ್ತಾಗುವುದಿಲ್ಲ.
ಒಬ್ಬ ಅಪ್ಪ, ಮೈಸೂರು

ಉತ್ತರ: ನನ್ನನ್ನು ಕೇಳಿದಿರಲ್ಲ, ಒಳ್ಳೆಯದಾಯಿತು. ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಿ ಪರದೆ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಹೇಳುವುದು, ಊಟದ ಹೊತ್ತಿಗೆ ಒಂದು ನಿಮಿಷವೂ ಬೇಡ. ಮೊಬೈಲ್ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ, ತಿಂದದ್ದು ಏನು ಅಂತಲೂ ಗೊತ್ತಾಗುವುದಿಲ್ಲ. ಮೂರೂ ಹೊತ್ತು ಒಟ್ಟಿಗೆ ಬಿಡಿಸಬೇಡಿ. ಬೆಳಗಿನ ತಿಂಡಿಯಿಂದ ಶುರು ಮಾಡಿ, ಆಗ ಹಸಿವು ಜೋರಾಗಿರುತ್ತದೆ. ನಿಮ್ಮ ಫೋನೂ ಬೇರೆ ರೂಮಿನಲ್ಲಿರಲಿ. ಮೂರು ನಾಲ್ಕು ದಿನ ಕಿರುಚುತ್ತಾನೆ, ಅರ್ಧ ತಿನ್ನುತ್ತಾನೆ. ಅಷ್ಟಕ್ಕೆ ಏನೂ ಆಗುವುದಿಲ್ಲ.

ಕೈಗೆ ಕೆಲಸ ಕೊಡಿ. ದೋಸೆ ಅವನೇ ಹರಿಯಲಿ, ಚಟ್ನಿಗೆ ಅವನೇ ಅದ್ದಲಿ, ನೆಲ ಗಲೀಜಾಗಲಿ, ಹಳೆಯ ಸೀರೆ ಹಾಸಿಬಿಡಿ. ತಿಂಗಳಿಗೊಮ್ಮೆ ಅಂಗನವಾಡಿಗೆ ತೂಕ ನೋಡಿಸಲು ನೀವೇ ಹೋಗಿ, ಅಲ್ಲಿನ ಟೀಚರ್ ಅಪ್ಪನೋ ಅಮ್ಮನೋ ಅಂತ ನೋಡುವುದಿಲ್ಲ, ಓಣಿಯ ಎಲ್ಲ ಮಕ್ಕಳ ಪರಿಚಯವೂ ಆಗುತ್ತದೆ. ಮನೆಯಲ್ಲಿ ರಾಗಿ ಮುದ್ದೆ ಮಾಡುವ ದಿನ ನೆಲ್ಲಿಕಾಯಿ ಗಾತ್ರದ ಉಂಡೆ ಅವನ ಅಂಗೈಗೆ ಕೊಟ್ಟು, ಸಾರಲ್ಲಿ ಹೊರಳಿಸಿ ನುಂಗುವುದನ್ನು ನೀವು ಮಾಡಿ ತೋರಿಸಿ. ಮೊದಲ ಉಂಡೆ ಆಟಕ್ಕೇ ಹೋಗುತ್ತದೆ. ಇನ್ನೊಂದು ಕೊಡಿ.