9 ಮಹಡಿ ಅಪಾರ್ಟ್‌ಮೆಂಟ್‌ಗೆ ಬಾಡಿಗೆಗೆ ಬಂದಿದ್ದೇನೆ, ಬೆಂಕಿ ಬಿದ್ದರೆ ಏನು ಗತಿ?

ಬೆಂಗಳೂರಲ್ಲಿ ಒಂಬತ್ತು ಮಹಡಿಯ ಕಟ್ಟಡದ ಏಳನೇ ಮಹಡಿಗೆ ಬಂದಿದ್ದೀರಿ. ಫೈರ್ ಎನ್‌ಒಸಿ (ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ) ಇದೆಯಾ ಅಂತ ಕೇಳಿದರೆ ಮಾಲೀಕರು "ಎಲ್ಲಾ ಇದೆ" ಅಂದಿದ್ದಾರೆ. ನಂಬಬಹುದಾ, ಏನು ನೋಡಬೇಕು ಅನ್ನೋದು ನಿಮ್ಮ ಪ್ರಶ್ನೆ. ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವನು ನಾನು, ಹಾಗಾಗಿ ಹೇಳುತ್ತೇನೆ: ಕಾಗದಕ್ಕಿಂತ ಮೊದಲು ಮೆಟ್ಟಿಲು ನೋಡಿ.

ಕಾಗದದ ವಿಷಯ ಬೇಗ ಮುಗಿಸೋಣ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ 15 ಮೀಟರ್ ಮುಟ್ಟಿದರೆ ಅದು ಹೈರೈಸ್, ಅಂದರೆ ಎತ್ತರದ ಕಟ್ಟಡ. ನಿಮ್ಮ ಒಂಬತ್ತು ಮಹಡಿಯದ್ದರಲ್ಲಿ ಅನುಮಾನವೇ ಇಲ್ಲ. ಇಷ್ಟು ಎತ್ತರದ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯಿಂದ ಕಟ್ಟುವ ಮೊದಲು ಎನ್‌ಒಸಿ, ಕಟ್ಟಿ ಮುಗಿದ ಮೇಲೆ ಕ್ಲಿಯರೆನ್ಸ್ ಸರ್ಟಿಫಿಕೇಟ್, ಹೀಗೆ ಎರಡು ಬೇಕು. ಬರೀ ಮೊದಲನೆಯದನ್ನು ತೋರಿಸಿ "ಇದೆ" ಅನ್ನುವವರು ಜಾಸ್ತಿ. ಸಂಘದ ಹತ್ತಿರ ಎರಡರದ್ದೂ ನಕಲು ಕೇಳಿ. ಬಾಡಿಗೆಯವರು ಕೇಳಬಾರದು ಅಂತ ಏನಿಲ್ಲ.

ಈಗ ಮೆಟ್ಟಿಲು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತಲ್ಲ, ಅಲ್ಲಿ ಒಂಬತ್ತು ಜನ ತೀರಿಕೊಂಡರು. ವಿದ್ಯುತ್ ಕೇಬಲ್ ಹೋಗುವ ಡಕ್ಟ್‌ನೊಳಗಿಂದ ಹೊಗೆ ಮೇಲೇರಿ ಮಹಡಿಗಳನ್ನು ತುಂಬಿತು. ಹೊರಗೆ ಹೋಗುವ ದಾರಿ ಸಿಗದೆ ಕೆಲವರು ಕಿಟಕಿಯಿಂದ ಹಾರಿದರು. ಬೆಂಕಿ ತಾಗದ ಮಹಡಿಗೂ ಹೊಗೆ ಬರುತ್ತೆ, ಇದನ್ನು ಮರೀಬೇಡಿ.

ಹಾಗಾಗಿ ಇವತ್ತು ಸಂಜೆ ಲಿಫ್ಟ್ ಬಿಟ್ಟು ಏಳನೇ ಮಹಡಿಯಿಂದ ಮೆಟ್ಟಿಲಲ್ಲೇ ಇಳಿದು ಬನ್ನಿ. ಮೆಟ್ಟಿಲಿಗೆ ಹೊಗೆ ಬರದಂತೆ ತಡೆಯುವ ಬಾಗಿಲು, ಅಂದರೆ ಫೈರ್ ಡೋರ್, ತಾನಾಗಿ ಮುಚ್ಚಿಕೊಳ್ಳಬೇಕು. ಹೆಚ್ಚಿನ ಕಡೆ ಅದಕ್ಕೆ ಹೂಕುಂಡವನ್ನೋ ಇಟ್ಟಿಗೆಯನ್ನೋ ಒತ್ತು ಕೊಟ್ಟು ತೆರೆದಿಟ್ಟಿರುತ್ತಾರೆ, ಗಾಳಿ ಬರಲಿ ಅಂತ! ಆ ಗಾಳಿ ಬರುವ ದಾರಿಯಲ್ಲೇ ಹೊಗೆಯೂ ಬರುತ್ತೆ. ಲ್ಯಾಂಡಿಂಗ್‌ನಲ್ಲಿ ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ಹಳೇ ಹಾಸಿಗೆ. ಟೆರೇಸ್ ಬಾಗಿಲಿಗೆ ಬೀಗ. ಇವು ಯಾವುವೂ ಇರಬಾರದು. ಡಕ್ಟ್ ಬಾಗಿಲು ತೆಗೆದರೆ ಕೆಳಗಿನ ಮಹಡಿ ಕಾಣುತ್ತಾ? ಕಂಡರೆ ತಪ್ಪು, ಪ್ರತಿ ಮಹಡಿಯಲ್ಲೂ ಅದನ್ನು ಸೀಲ್ ಮಾಡಿರಬೇಕು.

ಕೆಂಪು ಹೋಸ್ ಬಾಕ್ಸನ್ನೂ ಒಮ್ಮೆ ತೆಗೆದು ನೋಡಿ. ಪೈಪ್ ಇರುತ್ತೆ, ಅದರ ತುದಿಗೆ ಹಾಕುವ ಹಿತ್ತಾಳೆ ನಾಝಲ್ ಇರಲ್ಲ. ಗುಜರಿಯಲ್ಲಿ ಒಳ್ಳೇ ರೇಟು ಸಿಗುತ್ತಲ್ಲ. ಇದ್ದರೂ ಪಂಪ್ ರೂಮಿಗೆ ಹೋಗಿ ಪ್ಯಾನೆಲ್ ನೋಡಲೇಬೇಕು. ಸ್ವಿಚ್ 'ಆಟೋ'ದಲ್ಲಿರಬೇಕು. ಎಲ್ಲೋ ಲೈನ್ ಲೀಕ್ ಆಗಿ ಪಂಪ್ ಪದೇ ಪದೇ ಆನ್ ಆಗುತ್ತೆ, ಪ್ಲಂಬರ್ ಅದನ್ನು 'ಆಫ್'ಗೆ ತಿರುಗಿಸಿ ಹೋಗುತ್ತಾನೆ, ಆಮೇಲೆ ಯಾರಿಗೂ ನೆನಪಿರಲ್ಲ. ಬೆಂಕಿ ಬಿದ್ದ ದಿನ ಪೈಪಲ್ಲಿ ನೀರೇ ಬರಲ್ಲ.

ಬಾಲ್ಕನಿ ಗ್ರಿಲ್ ಬಗ್ಗೆ ಮಾತ್ರ ನಾನು ಹಟವಾದಿ. 2021ರ ಸೆಪ್ಟೆಂಬರ್‌ನಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಲ್ಲಿ ಬೆಂಕಿ ಬಿದ್ದಾಗ ಬಾಲ್ಕನಿಗೆ ಪೂರ್ತಿ ಗ್ರಿಲ್ ಇತ್ತು, ಅಲ್ಲಿಂದ ಹೊರಬರಲು ಆಗಲಿಲ್ಲ. ಪಾರಿವಾಳ, ಕಳ್ಳರು, ಮಕ್ಕಳು, ಗ್ರಿಲ್ ಹಾಕಿಸಲು ನೂರು ಕಾರಣ ಇರಬಹುದು. ಹಾಕಿಸಿ. ಆದರೆ ಒಬ್ಬ ಮನುಷ್ಯ ನುಸುಳುವಷ್ಟು ತೆರೆಯುವ ಭಾಗ ಇರಲಿ, ಬೀಗದ ಕೈ ಅಲ್ಲೇ ಪಕ್ಕದ ಮೊಳೆಗೆ ನೇತಾಡುತ್ತಿರಲಿ. ಮಾಲೀಕರು ಒಪ್ಪದಿದ್ದರೆ ಖರ್ಚು ನಾನೇ ಕೊಡ್ತೀನಿ ಅನ್ನಿ. ಒಬ್ಬ ವೆಲ್ಡರ್‌ನ ಒಂದು ದಿನದ ಕೆಲಸ.

ಮನೆಯೊಳಗೆ ಬೆಂಕಿ ಆರಿಸುವ ಒಂದು ಎಬಿಸಿ ಪೌಡರ್ ಎಕ್ಸ್‌ಟಿಂಗ್ವಿಷರ್ ಸಾಕು, ಐಎಸ್ಐ ಗುರುತಿನದ್ದು. ಗೇಜ್ ಮುಳ್ಳು ಹಸಿರಲ್ಲಿರಲಿ. ಪಿನ್ ಎಳೆದು ಬೆಂಕಿಯ ಬುಡಕ್ಕೆ ಹೊಡೀಬೇಕು, ಜ್ವಾಲೆಗಲ್ಲ. ಕೆಲವೇ ಸೆಕೆಂಡಲ್ಲಿ ಖಾಲಿಯಾಗುತ್ತೆ, ಅಷ್ಟರಲ್ಲಿ ಆರದಿದ್ದರೆ ಬಾಗಿಲೆಳೆದುಕೊಂಡು ಹೊರಡಿ. ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಬೇಡವೇ ಬೇಡ. ಸ್ಟೌ ಆರಿಸಿ ಮೇಲೊಂದು ತಟ್ಟೆ ಮುಚ್ಚಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಬೆಂಕಿಗೆ 101 ಅಥವಾ 112. ಬೆಂಕಿ ಆರಿಸಲು ಬಂದವರಿಗೆ ದುಡ್ಡು ಕೊಡಬೇಕಿಲ್ಲ, ಸಣ್ಣದು ಅಂತ ಹಿಂಜರಿಯಬೇಡಿ. ಏರಿಯಾ, ಲ್ಯಾಂಡ್‌ಮಾರ್ಕ್, ಎಷ್ಟನೇ ಮಹಡಿ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ, ಇಷ್ಟು ಹೇಳಿ. ಒಬ್ಬರು ಗೇಟಿಗೆ ಓಡಿ ಅಡ್ಡ ನಿಂತ ಕಾರು ತೆಗೆಸಲಿ. ನಗರದಲ್ಲಿ 90 ಮೀಟರ್ ಏಣಿ ಇರುವ ಗಾಡಿಯೂ ಇದೆ, ಆದರೆ ನಿಮ್ಮ ಡ್ರೈವ್‌ವೇಯಲ್ಲಿ ಸಾಲು ಕಾರು ನಿಂತಿದ್ದರೆ ಅದು ರಸ್ತೆಯಲ್ಲೇ ನಿಲ್ಲಬೇಕಾಗುತ್ತೆ ಅಲ್ವಾ?

ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಆಗ ಡೆಮೊ ಕೊಡಲು ಬನ್ನಿ ಅಂತ ಸಂಘದ ಲೆಟರ್‌ಹೆಡ್‌ನಲ್ಲಿ ಹತ್ತಿರದ ಅಗ್ನಿಶಾಮಕ ಠಾಣೆಗೆ ಬರೆದು ಕೇಳಿ. ರಾತ್ರಿ ಪಾಳಿಯ ಸೆಕ್ಯೂರಿಟಿಯವರನ್ನೂ ಕೂರಿಸಿ. ಬೆಳಗಿನ ಜಾವ ಮೂರಕ್ಕೆ ಅಲಾರಂ ಹೊಡೆದರೆ ಎದ್ದಿರುವವರು ಅವರೇ. ಪಂಪ್ ರೂಮ್ ಬೀಗದ ಕೈ ಎಲ್ಲಿದೆ ಅಂತ ಅವರನ್ನು ಇವತ್ತೇ ಕೇಳಿ ನೋಡಿ.